ಗ್ರಾಮ ನಕ್ಷೆ ಹಿಡಿದು ನಗರ ಯೋಜನೆ ಓದಿದ್ದು

ನಗರ ಮತ್ತು ಪ್ರಾದೇಶಿಕ ಯೋಜನೆಯಲ್ಲಿ ಎಂ.ಟೆಕ್. ಮಾಡಬೇಕೆನ್ನುವವರು ಮೊದಲು ಕೇಳುವುದು ಸೀಟಿನ ವಿಚಾರ. ಎಂ.ಟೆಕ್. ಪ್ರವೇಶಕ್ಕೆ ಬರೆಯುವ ಗೇಟ್ ಪರೀಕ್ಷೆಯಲ್ಲಿ ‘ಆರ್ಕಿಟೆಕ್ಚರ್ ಅಂಡ್ ಪ್ಲಾನಿಂಗ್’ ಪತ್ರಿಕೆ ಇದೆ, ಅದನ್ನು ಬರೆಯಿರಿ. ನಾನು ಸಿವಿಲ್ ಎಂಜಿನಿಯರಿಂಗ್ ಮುಗಿಸಿ ಓದಿದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿ. ಸೀಟು ಸಿಕ್ಕ ಮೇಲೆ ನಿಜವಾದ ಓದು ನಡೆಯುವುದು ಸ್ಟುಡಿಯೋದಲ್ಲಿ, ಅಂದರೆ ಒಂದು ಊರನ್ನು ಕೊಟ್ಟು ಅದರ ನಕ್ಷೆ, ಯೋಜನೆ ಮಾಡಿಸುವ ತರಗತಿಯಲ್ಲಿ. ಅದರ ಬಗ್ಗೆಯೇ ಹೇಳುತ್ತೇನೆ.

ನಮಗೆ ಕೊಟ್ಟದ್ದು ಮೈಸೂರಿನ ಅಂಚಿನ ಒಂದು ಊರು. ಈಗಿನ ಭೂ ಉಪಯೋಗ ಗುರುತಿಸಬೇಕು: ವಾಸಕ್ಕೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ. ಉಪಗ್ರಹ ಚಿತ್ರದ ಮೇಲೆ ಬಣ್ಣ ತುಂಬಿದರೆ ಕೆಲಸ ಬೇಗ ಮುಗಿಯುತ್ತದೆ. ಆದರೆ ಮನೆ ಏಳುವ ಮುಂಚೆ ಆ ನೆಲ ಏನಾಗಿತ್ತು ಎಂದು ಚಿತ್ರ ಹೇಳುವುದಿಲ್ಲ. ನಾನು ಹೊಲ, ಹಳ್ಳ, ಕೆರೆಗಳನ್ನು ತೋರಿಸುವ ಕಂದಾಯ ಇಲಾಖೆಯ ಹಳೇ ಗ್ರಾಮ ನಕ್ಷೆಯಿಂದ ಶುರು ಮಾಡಿದೆ. ಅದರ ಅಳತೆ 1:7,920, ಅಂದರೆ ಮೈಲಿಗೆ 8 ಇಂಚು.

ಅದನ್ನು ಸ್ಕ್ಯಾನ್ ಮಾಡಿ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಉಪಗ್ರಹ ಚಿತ್ರದ ಮೇಲೆ ಕೂರಿಸಿದೆ. ಹೀಗೆ ಕೂರಿಸಲು ಎರಡರಲ್ಲೂ ಕಾಣುವ ಗುರುತುಗಳು ಬೇಕು. ಹೊಸ ರಸ್ತೆಗಳ ಕೂಡುಗಳು ಇದಕ್ಕೆ ಪ್ರಯೋಜನವಿಲ್ಲ, ಹಳೇ ನಕ್ಷೆಯಲ್ಲಿ ಅವು ಇರುವುದೇ ಇಲ್ಲ. ಕೆರೆ ಏರಿಯ ತುದಿ, ಹಳೇ ಗುಡಿ, ಮೂರು ಊರುಗಳ ಎಲ್ಲೆ ಸೇರುವ ಕಲ್ಲು, ಇಂಥವನ್ನು ನಾಲ್ಕೂ ಕಡೆ ಹರಡಿದಂತೆ ಆರಿಸಿಕೊಂಡೆ. ಸರಿಯಾಗಿ ಕೂತಿದೆಯೇ ಎಂದು ನೋಡಿದ್ದು ಇನ್ನೂ ಉಳಿದಿರುವ ಹೊಲಗಳ ಬದುಗಳಿಂದ.

ನಕ್ಷೆಯ ಹಳ್ಳ ಒಂದು ಬಡಾವಣೆಯ ಮಧ್ಯದಲ್ಲೇ ಹಾದುಹೋಗಿತ್ತು. ಪಹಣಿಯಲ್ಲಿ ಅದು ಬಿ ಖರಾಬು, ಅಂದರೆ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ, ಸಾಗುವಳಿಗೆ ಸಲ್ಲದ ನೆಲ. ಸ್ಥಳಕ್ಕೆ ಹೋದರೆ ಕಂಡದ್ದು ತುಸು ತಗ್ಗಿನ ರಸ್ತೆ, ಪಕ್ಕದಲ್ಲೊಂದು ಕಿರಿದಾದ ಚರಂಡಿ. ಅಂಗಡಿಯ ಅಜ್ಜಿಯನ್ನು ಮಳೆಯ ಬಗ್ಗೆ ಕೇಳಿದೆ. “ಜೋರಾಗಿ ಬಂದ್ರೆ ಈ ಮೆಟ್ಲು ತಂಕ ನೀರು ಕಣವ್ವ. ಅಕ್ಕಿ ಮೂಟೆ ಎಲ್ಲಾ ಮ್ಯಾಲೆ ಎತ್ತಿಕ್ತೀವಿ” ಎಂದರು. ಚರಂಡಿಯ ತಳದಿಂದ ಆ ಮೆಟ್ಟಿಲಿನವರೆಗೆ ಟೇಪು ಹಿಡಿದು, ಬಂದ ಎತ್ತರವನ್ನು ನಕ್ಷೆಯಲ್ಲೇ ಬರೆದೆ. ಬಣ್ಣ ತುಂಬಿದ ಎಷ್ಟೋ ಹಾಳೆಗಳಿಗಿಂತ ಆ ಒಂದು ಅಳತೆ ನನಗೆ ಹೆಚ್ಚಿನದು.

ಮೈಸೂರಿನ ಮಗ್ಗುಲಿನ ಹೂಟಗಳ್ಳಿ ನಗರಸಭೆಯಾದದ್ದು, ಬೋಗಾದಿ ಪಟ್ಟಣ ಪಂಚಾಯಿತಿಯಾದದ್ದು 2020ರಲ್ಲಿ. ಅಷ್ಟರೊಳಗೆ, ಅವು ಇನ್ನೂ ಹಳ್ಳಿಗಳಾಗಿದ್ದಾಗಲೇ, ಬಡಾವಣೆಗಳು ಎದ್ದಾಗಿತ್ತು. ಹಳ್ಳಿ ಮತ್ತು ಪಟ್ಟಣಗಳ ಯೋಜನೆಗಳನ್ನು ಒಟ್ಟುಗೂಡಿಸಲು ಸಂವಿಧಾನದ 243ಝಡ್‌ಡಿ ವಿಧಿಯಲ್ಲಿ ಜಿಲ್ಲಾ ಯೋಜನಾ ಸಮಿತಿ ಇದೆ. ಅದಕ್ಕೆ ಬಲ ಬಂದರೆ ಇಂಥ ಹಳ್ಳಗಳು ಬಡಾವಣೆಯ ನಕ್ಷೆ ಮಂಜೂರಾಗುವ ಮುಂಚೆಯೇ ಕಣ್ಣಿಗೆ ಬೀಳುತ್ತವೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಹಳ್ಳ ಪಂಚಾಯಿತಿ ಎಲ್ಲೆ ನೋಡಿ ಹರಿಯುವುದಿಲ್ಲ. ಹಾಗಾಗಿ ಎಂ.ಟೆಕ್. ಪ್ರಬಂಧಕ್ಕೆ ಆ ಎಲ್ಲೆ ಬಿಟ್ಟು ಕೆರೆಯ ಜಲಾನಯನವನ್ನೇ, ಅಂದರೆ ಕೆರೆಗೆ ಮಳೆನೀರು ಹರಿದು ಬರುವ ಇಡೀ ನೆಲವನ್ನೇ, ಅಧ್ಯಯನ ಪ್ರದೇಶವಾಗಿ ತೆಗೆದುಕೊಂಡೆ. ತೊಡಕು ಜನಗಣತಿಯದು, ಅಂಕಿಅಂಶ ಸಿಗುವುದು ಊರುವಾರು. ಅರ್ಧಕ್ಕಿಂತ ಹೆಚ್ಚು ವಿಸ್ತೀರ್ಣ ಜಲಾನಯನದೊಳಗಿರುವ ಊರನ್ನು ಸೇರಿಸಿ, ಉಳಿದವನ್ನು ಬಿಟ್ಟೆ. ಈ ನಿಯಮವನ್ನು ಮೊದಲ ಅಧ್ಯಾಯದಲ್ಲೇ ಕಾರಣ ಸಮೇತ ಬರೆದುಬಿಡಿ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ನನಗೆ ಬಂದ ಮೊದಲ ಪ್ರಶ್ನೆ ಅದರ ಮೇಲೆಯೇ.