ಒಂದು ದಿನದ ಕ್ಯಾಂಪಿನ ದುಡ್ಡಿನಲ್ಲಿ ಒಂದು ವರ್ಷ: ದೇವದುರ್ಗದ ಹಳ್ಳಿಯಲ್ಲಿ ನನ್ನ ಅನುಭವ

ತಿಂಗಳಿಗೊಮ್ಮೆ ಒಂದು ಹಳ್ಳಿಗೆ ಹೋಗಿ ಮರದ ಕೆಳಗೆ ಬಿಪಿ, ಶುಗರ್ ನೋಡಿ ಗುಳಿಗೆ ಕೊಟ್ಟು ಬರುತ್ತೇವೆ. ಇದು "ಆರು ತಿಂಗಳೂ ನಡೆಯೋದಿಲ್ಲ" ಎಂದವರು ನಮ್ಮ ಚರ್ಚಿನ ಸಭೆಯಲ್ಲೇ ಇದ್ದರು. ಈಗ ನಮ್ಮ ರೋಗಿಗಳ ರಿಜಿಸ್ಟರಿಗೆ ಆರು ವರ್ಷ ದಾಟಿದೆ. ಬೇರೆ ಊರಿನ ಸಭೆಯವರು ಕೇಳಿದರೆ ಅವರೇ ನನ್ನ ನಂಬರು ಕೊಡುತ್ತಾರೆ. ಫೋನಿನಲ್ಲಿ ಒಬ್ಬೊಬ್ಬರಿಗೂ ಮೊದಲಿಂದ ಹೇಳಲು ಆಗುತ್ತಿಲ್ಲ, ಅದಕ್ಕೇ ಬರೆದುಬಿಡುತ್ತಿದ್ದೇನೆ. ಆರೋಗ್ಯ ಕ್ಯಾಂಪ್ ಮಾಡಿ ಅಭ್ಯಾಸ ಇರುವವರಿಗೆ ಇದು. ತಾಲೂಕು ಆರೋಗ್ಯಾಧಿಕಾರಿಗೆ ಪತ್ರ ಕೊಡುವುದು, ಟೋಕನ್, ಟೇಬಲ್ ಎಲ್ಲ ನಿಮಗೆ ಗೊತ್ತೇ ಇದೆ.

ನಾನು ಸ್ಟಾಫ್ ನರ್ಸ್. ರಾಯಚೂರಿನಲ್ಲಿ ಇಪ್ಪತ್ತೆರಡು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದ್ದೇನೆ. ನಾವು ಹೋಗುವುದು ದೇವದುರ್ಗ ತಾಲೂಕಿನ ಒಂದು ಹಳ್ಳಿಗೆ. ಪಕ್ಕದಲ್ಲಿ ಎರಡು ತಾಂಡಾಗಳಿವೆ. ಕಾಲುವೆ ನೀರು ಮುಟ್ಟದ ಹೊಲಗಳು. ತೊಗರಿ, ಹತ್ತಿ ಬೆಳೆಯುತ್ತಾರೆ. ದೀಪಾವಳಿ ಮುಗಿದ ಮೇಲೆ ಅರ್ಧ ಊರು ಗುಳೆ ಹೋಗುತ್ತದೆ. ಬೆಂಗಳೂರು, ಪುಣೆ, ಹೈದರಾಬಾದ್, ಎಲ್ಲಿ ಕಟ್ಟಡದ ಕೆಲಸ ಸಿಕ್ಕರೆ ಅಲ್ಲಿ.

ಮೊದಲ ಕ್ಯಾಂಪನ್ನು ಎಲ್ಲರ ಹಾಗೇ ಮಾಡಿದೆವು. 2017ರ ಫೆಬ್ರವರಿ. ಬಿಸಿಲು ಏರುವ ಮುಂಚೆ ಮುಗಿಸೋಣ ಎಂದು ಆ ತಿಂಗಳು ಆರಿಸಿದ್ದು. ದುಡಿಯುವ ವಯಸ್ಸಿನವರು ಆಗ ಊರಲ್ಲೇ ಇರುವುದಿಲ್ಲ ಎಂದು ನಮ್ಮಲ್ಲಿ ಒಬ್ಬರೂ ಯೋಚಿಸಲಿಲ್ಲ. ಶಾಮಿಯಾನ, ಬ್ಯಾನರ್, ಒಂದು ಬಸ್ಸು, ಆರು ಡಾಕ್ಟರು, ಮೂವತ್ತು ಮಂದಿ ಸ್ವಯಂಸೇವಕರು, ಎಲ್ಲರಿಗೂ ಊಟ. ಸುಮಾರು 400 ಜನ ನೋಡಿಸಿಕೊಂಡರು, ಹೆಚ್ಚಿನವರು ಮುದುಕರು ಮತ್ತು ಮಕ್ಕಳು. ಖರ್ಚು ಒಂದು ಲಕ್ಷ ಮೂವತ್ತು ಸಾವಿರದ ಮೇಲೆ ಆಯಿತು. ಭಾನುವಾರ ಸಭೆಯಲ್ಲಿ ಫೋಟೋ ತೋರಿಸಿದೆವು, ಎಲ್ಲರೂ ದೇವರಿಗೆ ಸ್ತೋತ್ರ ಹೇಳಿದರು.

ಮೇ ತಿಂಗಳಲ್ಲಿ ಒಂದು ಮದುವೆಗೆ ಆ ಕಡೆ ಹೋಗಿದ್ದೆ. ಚೀಲದಲ್ಲಿ ಬಿಪಿ ಮಿಷನ್ ಇತ್ತು. ನಮ್ಮ ಪಟ್ಟಿಯಲ್ಲಿ ಬಿಪಿ ಇದೆ ಎಂದು ಬರೆದವರು 68 ಮಂದಿ. ಅವರಲ್ಲಿ ನನಗೆ ಸಿಕ್ಕವರು ನಲವತ್ತು ಇರಬಹುದು. ಗುಳಿಗೆ ನುಂಗುತ್ತಿದ್ದವರು ಐದೇ ಮಂದಿ. ಒಂದು ತಿಂಗಳ ಗುಳಿಗೆ ಕೊಟ್ಟಿದ್ದೆವು. ಅದು ಮುಗಿದ ಮೇಲೆ ಎಲ್ಲಿಗೆ ಹೋಗಬೇಕು ಎಂದು ನಾವು ಹೇಳಿರಲಿಲ್ಲ. ಇನ್ನೂ ಕೆಟ್ಟದ್ದೆಂದರೆ, ಒಂದು ಗುಳಿಗೆಯನ್ನೂ ನುಂಗದ ಹತ್ತು ಹನ್ನೆರಡು ಜನರಿಗೆ ಬಿಪಿಯೇ ಇರಲಿಲ್ಲ. ಫೆಬ್ರವರಿಯಲ್ಲಿ ಅವರು ಬಿಸಿಲಲ್ಲಿ ನಡೆದು ಬಂದು, ಗದ್ದಲದಲ್ಲಿ ನಿಂತು, ಉಸಿರು ಇಳಿಯುವ ಮುಂಚೆ ತೋಳಿಗೆ ಬಿಪಿ ಪಟ್ಟಿ ಕಟ್ಟಿಸಿಕೊಂಡಿದ್ದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾನು ನರ್ಸಿಂಗ್ ಓದಿದ್ದು ವೆಲ್ಲೂರಿನಲ್ಲಿ. ಅಲ್ಲಿ ಆಸ್ಪತ್ರೆ ಶುರುವಾದದ್ದು 1900ರಲ್ಲಿ, ಒಂದೇ ಹಾಸಿಗೆಯಿಂದ. ಅದನ್ನು ಶುರು ಮಾಡಿದ ಡಾಕ್ಟರು ಐಡಾ ಸ್ಕಡರ್ ವಾರಕ್ಕೊಮ್ಮೆ ಹಳ್ಳಿಗಳ ಕಡೆ ಗಾಡಿ ಹೊಡೆಸಿಕೊಂಡು ಹೋಗಿ, ದಾರಿಬದಿ ಮರದ ಕೆಳಗೆ ರೋಗಿಗಳನ್ನು ನೋಡುತ್ತಿದ್ದರು ಎಂದು ನಮಗೆಲ್ಲ ಹೇಳಿಕೊಡುತ್ತಿದ್ದರು. ಜನ ಅಲ್ಲಿ ಮೊದಲೇ ಬಂದು ಕಾಯುತ್ತಿದ್ದರು. ಆಗ ಅದು ನನಗೆ ಬರೀ ಕಥೆ. ಈಗ ಅರ್ಥವಾಯಿತು: ಗೊತ್ತಾದ ಜಾಗ, ಗೊತ್ತಾದ ದಿನ. ಬೈಬಲಿನಲ್ಲಿ ಲೂಕನ ಹತ್ತನೇ ಅಧ್ಯಾಯದ ಸಮಾರ್ಯದವನೂ ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದವನಿಗೆ ಎಣ್ಣೆ ಹಚ್ಚಿ ಗಾಯ ಕಟ್ಟಿ ಸುಮ್ನೆ ಹೋಗಲಿಲ್ಲ. ಛತ್ರದವನಿಗೆ ದುಡ್ಡು ಕೊಟ್ಟು, ತಿರುಗಿ ಬರುವಾಗ ಉಳಿದದ್ದು ಕೊಡುತ್ತೇನೆ ಎಂದ. ಚಿಕ್ಕಂದಿನಿಂದ ಕೇಳಿದ ಮಾತು. ತಿರುಗಿ ಬರುತ್ತೇನೆ ಎಂಬ ಭಾಗ ನನಗೆ ಕಂಡದ್ದು ಆ ಮೇ ತಿಂಗಳಲ್ಲಿ.

ಲೆಕ್ಕ ಹಾಕಿದೆ. ನಾಲ್ಕು ಜನ, ಒಂದು ಜೀಪು. ಬಾಡಿಗೆ ಎರಡೂವರೆ ಸಾವಿರ. ಗುಳಿಗೆ ಆರೇಳು ಸಾವಿರ. ಶುಗರ್ ಸ್ಟ್ರಿಪ್ ಮತ್ತು ಸಣ್ಣಪುಟ್ಟದ್ದು ಒಂದೂವರೆ ಸಾವಿರ. ತಿಂಗಳಿಗೆ ಹನ್ನೊಂದು ಸಾವಿರದ ಆಸುಪಾಸು. ಅಂದರೆ ಆ ಒಂದು ದಿನಕ್ಕೆ ಸುರಿದ ದುಡ್ಡಿನಲ್ಲಿ ಹನ್ನೆರಡು ಸಲ ಹೋಗಬಹುದು. ಪ್ರತಿ ತಿಂಗಳ ಎರಡನೇ ಶನಿವಾರ, ಶಾಲೆ ಪಕ್ಕದ ಬೇವಿನ ಮರದ ಕೆಳಗೆ. ಕಮಿಟಿಯಲ್ಲಿ ಇದನ್ನು ಹೇಳಿದಾಗ ಒಬ್ಬರು ಹಿರಿಯರು, "ನಾಲ್ಕು ಜನ ಹೋದರೆ ಅದು ಕ್ಯಾಂಪ್ ಹೇಗಾಗ್ತದಮ್ಮ? ದಾನ ಕೊಟ್ಟವರಿಗೆ ಏನು ತೋರಿಸೋಣ?" ಎಂದರು. ನಮ್ಮ ಸಭೆಯ ಪಾಸ್ಟರು ಅಯ್ಯನವರು ನನ್ನ ಪರ ನಿಂತರು. ಚರ್ಚಿನ ಸುಗ್ಗಿ ಹಬ್ಬದ ಹರಾಜಿನಲ್ಲಿ ಬಂದ ದುಡ್ಡನ್ನು ಇದಕ್ಕೇ ಇಡಿಸಿದರು.

ಮೊದಲ ಆರು ತಿಂಗಳು ಕಷ್ಟ. ಎರಡನೇ ಸಲಕ್ಕೆ ಬಂದವರು ಹನ್ನೊಂದೇ ಜನ. "ಕೈಕಾಲು ಹರೀತಾವ್ರಿ, ಸಲೈನ್ ಹಚ್ಚರಿ" ಎಂದು ಕೇಳುತ್ತಿದ್ದರು. ನಾವು ಹಚ್ಚುತ್ತಿರಲಿಲ್ಲ. "ಹಚ್ಚಂಗಿಲ್ಲ ಅಂದ್ರ ನೀವು ಬಂದೇನ್ ಉಪಯೋಗ್ರಿ ಅಕ್ಕಾರ?" ಎಂದು ಒಬ್ಬ ಅಜ್ಜ ಎದ್ದು ಹೋದ. ಇನ್ನು ಕೆಲವರಿಗೆ ನಾವು ಮತ ಬದಲಾಯಿಸಲು ಬಂದವರು ಎಂಬ ಅನುಮಾನ. ಅದಕ್ಕೆ ಮೊದಲ ದಿನದಿಂದ ಒಂದು ನಿಯಮ ಮಾಡಿಕೊಂಡೆವು. ಪ್ರಾರ್ಥನೆ ರಾಯಚೂರು ಬಿಡುವ ಮುಂಚೆ, ಜೀಪಿನ ಹತ್ತಿರ. ಮರದ ಕೆಳಗೆ ಕರಪತ್ರ ಇಲ್ಲ, ಪ್ರಸಂಗ ಇಲ್ಲ. ಕಾಯಿಲೆಯಲ್ಲಿರುವವರ ಭಯವನ್ನು ಬಳಸಿಕೊಳ್ಳುವುದು ಕರ್ತನ ಕೆಲಸ ಅಲ್ಲ ಎಂದು ನಾನು ನಂಬಿದ್ದೇನೆ. ಊರಿನ ಗುಡಿಯ ಪೂಜಾರಿಯ ಹೆಂಡತಿ ಈಗ ನಮ್ಮ ಶುಗರ್ ಪೇಷಂಟ್. ಟೇಬಲ್ ಬರುವುದು ಅವರ ಮನೆಯಿಂದಲೇ.

ನಿಜವಾದ ತಿರುವು ಬಂದದ್ದು ಊರಿನ ಆಶಾ ಕಾರ್ಯಕರ್ತೆಯನ್ನು ಗೆಳತಿ ಮಾಡಿಕೊಂಡ ಮೇಲೆ. ಅಲ್ಲಿಯವರೆಗೆ ನಾವೇ ಎಲ್ಲ ಮಾಡುತ್ತಿದ್ದೆವು. ತಪ್ಪು ಅದೇ. ಯಾರು ಊರಲ್ಲಿದ್ದಾರೆ, ಯಾರು ಗುಳೆ ಹೋಗಿದ್ದಾರೆ, ಯಾರ ಮನೆಯಲ್ಲಿ ಗುಳಿಗೆ ಹಾಗೇ ಬಿದ್ದಿದೆ, ಎಲ್ಲ ಅವಳಿಗೆ ಗೊತ್ತು. ಪ್ರತಿ ಮನೆಯಲ್ಲಿ ಓದು ಬರುವ ಒಂದು ಮಗುವನ್ನು ಗುರುತಿಸಿದ್ದೂ ಅವಳೇ. ರೋಗಿಯ ಕಾರ್ಡು ಆ ಮಗುವಿನ ಕೈಗೆ. ಅಜ್ಜಿ ಮರೆತರೂ ಮೊಮ್ಮಗಳು ಬಿಡುವುದಿಲ್ಲ. ಗಂಡಸರನ್ನು ಮಾತ್ರ ಬಹಳ ದಿನ ಬರಿಸಲು ಆಗಲಿಲ್ಲ. ಅದಕ್ಕೆ ಒಂದು ದಾರಿ ಸಿಕ್ಕಿತು. ಆದರೆ ಅದನ್ನು ಬರೆಯುವುದಿಲ್ಲ. ನಮ್ಮ ಜೊತೆ ಒಂದು ಶನಿವಾರ ಬಂದವರಿಗೆ ತೋರಿಸುತ್ತೇನೆ.

ಗುಳಿಗೆ ವಿಷಯ. ಕಂಪನಿ ಸ್ಯಾಂಪಲ್ ತೆಗೆದುಕೊಳ್ಳಬೇಡಿ. ನಾವು ಒಂದು ವರ್ಷ ತೆಗೆದುಕೊಂಡು ಅನುಭವಿಸಿದೆವು. ತಿಂಗಳಿಗೊಂದು ಬ್ರ್ಯಾಂಡು, ಒಂದೊಂದಕ್ಕೂ ಬೇರೆ ಬಣ್ಣ. "ಈ ಗುಳಿಗಿ ಬ್ಯಾರೆ ಐತಿ, ನಂದಲ್ಲ" ಎಂದು ಜನ ನುಂಗುವುದನ್ನೇ ಬಿಟ್ಟರು. ಅವಧಿ ಮುಗಿದದ್ದನ್ನು ಆರಿಸಿ ಎಸೆಯುವುದೇ ಒಂದು ಕೆಲಸ. ಈಗ ಸರ್ಕಾರದ ಅಗ್ಗದ ಔಷಧಿ ಅಂಗಡಿ ಜನೌಷಧಿಯಿಂದ ಕೊಳ್ಳುತ್ತೇವೆ. ಬಿಪಿಯ ಆಮ್ಲೋಡಿಪಿನ್ ಹತ್ತು ಗುಳಿಗೆಗೆ ಐದಾರು ರೂಪಾಯಿ. ಶುಗರಿನ ಮೆಟ್ಫಾರ್ಮಿನ್ ಅದಕ್ಕಿಂತ ಸ್ವಲ್ಪ ಜಾಸ್ತಿ. ನಮ್ಮ ಪೆಟ್ಟಿಗೆಯಲ್ಲಿ ಹನ್ನೊಂದು ಔಷಧಿ ಮಾತ್ರ ಇವೆ, ಮೊದಲ ಕ್ಯಾಂಪಿಗೆ ಅರವತ್ತು ಒಯ್ದಿದ್ದೆವು. ನಮ್ಮ ಡಾಕ್ಟರು ಕಲಿತ ಇನ್ನೊಂದು ಪಾಠ: ಏಪ್ರಿಲ್, ಮೇ ತಿಂಗಳಲ್ಲಿ ಹೊಲದಲ್ಲಿ ದುಡಿಯುವವರಿಗೆ ಮೂತ್ರ ಹೆಚ್ಚಿಸುವ ಬಿಪಿ ಗುಳಿಗೆ ಕೊಟ್ಟರೆ ತಲೆ ತಿರುಗಿ ಬೀಳುತ್ತಾರೆ. ಹಾಗೆ ಇಬ್ಬರು ಬಿದ್ದ ಮೇಲೆ ಅವರು ಬೇಸಿಗೆಗೆ ಬೇರೆ ಗುಳಿಗೆ ಬರೆಯುತ್ತಿದ್ದಾರೆ. ಮರದ ಕೆಳಗೆ ಐದು ನಿಮಿಷ ಸುಮ್ನೆ ಕೂರಿಸದೆ, ಎರಡು ಸಲ ನೋಡದೆ ನಾನು ಯಾರ ಬಿಪಿಯನ್ನೂ ಬರೆಯುವುದಿಲ್ಲ.

ಶುಗರ್ ಸ್ಟ್ರಿಪ್ ಡಬ್ಬಿಯನ್ನು ಒಮ್ಮೆ ಜೀಪಿನ ಮುಂದಿನ ಗಾಜಿನ ಹತ್ತಿರ ಬಿಟ್ಟಿದ್ದೆವು. ಹೊರಗೆ 42 ಡಿಗ್ರಿ. ಮಿಷನ್ ಒಂದೇ ಸಮ ತಪ್ಪು ತೋರಿಸಿತು. ನಲವತ್ತು ಸ್ಟ್ರಿಪ್, ಏಳುನೂರು ರೂಪಾಯಿ ಹಾಳು. ಮುಂದಿನ ತಿಂಗಳು ಐಸ್ ಮೇಲೆ ಇಟ್ಟೆವು, ತೇವ ಹಿಡಿದು ಅವೂ ಹೋದವು. ಈಗ ಥರ್ಮಾಕೋಲ್ ಡಬ್ಬಿಯಲ್ಲಿ ತಣ್ಣೀರಿನ ಬಾಟಲಿ, ಅದರ ಮೇಲೆ ಬಟ್ಟೆ, ಬಟ್ಟೆ ಮೇಲೆ ಸ್ಟ್ರಿಪ್. ಆಮೇಲೆ ತೊಂದರೆ ಬಂದಿಲ್ಲ.

ಹತ್ತು ರೂಪಾಯಿಯ ಡಬ್ಬಿಗೆ ನಮ್ಮಲ್ಲೇ ದೊಡ್ಡ ಜಗಳ ಆಯಿತು. ಬಂದವರು ಹತ್ತು ರೂಪಾಯಿ ಹಾಕಬೇಕು, ಇಲ್ಲದವರು ಹಾಕಬೇಕಿಲ್ಲ ಎಂದೆ. ಉಚಿತವಾಗಿ ಪಡೆದದ್ದನ್ನು ಉಚಿತವಾಗಿ ಕೊಡಬೇಕು ಎಂದು ನಮ್ಮವರೇ ಕೆಲವರು ಮತ್ತಾಯನ ಸುವಾರ್ತೆ ತೆರೆದು ತೋರಿಸಿದರು. ನಾನು ಹೇಳಿದೆ, ಈ ದುಡ್ಡು ನಮಗಲ್ಲ. ಡಬ್ಬಿ, ಬೀಗ, ಲೆಕ್ಕ ಎಲ್ಲ ಊರಿನ ಮಹಿಳಾ ಸ್ವಸಹಾಯ ಸಂಘದ ಕೈಯಲ್ಲಿ. ಕಣ್ಣಿನ ಪೊರೆಯ ಆಪರೇಷನ್ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಆದರೆ ಆಟೋ, ಜೊತೆಗೆ ಹೋದವರ ಎರಡು ದಿನದ ಕೂಲಿ, ಊಟ ಯಾರು ಕೊಡುತ್ತಾರೆ? ಮೊದಲ ಕ್ಯಾಂಪಿನಲ್ಲಿ ಇಪ್ಪತ್ತು ಜನರಿಗೆ ಚೀಟಿ ಬರೆದಿದ್ದೆವು, ಒಬ್ಬರೂ ಹೋಗಿರಲಿಲ್ಲ. ಡಬ್ಬಿ ಬಂದ ಮೇಲೆ ಹದಿನೆಂಟು ಜನ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದಿದ್ದಾರೆ. ಈಗ ಜಗಳ ಇಲ್ಲ.

ಕೀಲು ನೋವಿನ ಸಾಲು ನೋಡಿ ಬೋರ್‌ವೆಲ್ ನೀರನ್ನು ಪರೀಕ್ಷೆಗೆ ಕಳಿಸಿದ್ದೆ. ಮೂರು ಬಾಟಲಿಯಲ್ಲಿ ಎರಡರಲ್ಲಿ, ಹೆಚ್ಚಾದರೆ ಮೂಳೆ, ಕೀಲು ಕೆಡಿಸುವ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂನ ಮಿತಿ ದಾಟಿತ್ತು. ನಾವು ಹಂಚುತ್ತಿದ್ದ ನೋವಿನ ಗುಳಿಗೆಯಿಂದ ಅದಕ್ಕೆ ಪರಿಹಾರ ಇಲ್ಲ, ಬಿಪಿ ಬೇರೆ ಏರುತ್ತದೆ. ಊರಿನ ಶುದ್ಧ ನೀರಿನ ಘಟಕ ಕೆಟ್ಟು ನಿಂತಿತ್ತು. ವರದಿ ಹಿಡಿದು ಓಡಾಡಿ ಎರಡು ವರ್ಷದ ಮೇಲೆ ರಿಪೇರಿ ಆಯಿತು. ಇದರಲ್ಲಿ ಗೆದ್ದೆ ಎಂದು ಹೇಳಲಾರೆ. ಆಗಲೇ ಬಾಗಿದ ಮೂಳೆ ನೆಟ್ಟಗಾಗುವುದಿಲ್ಲ.

ಕನ್ನಡಕದ ಪ್ರಯೋಗ ಮಾತ್ರ ಎಲ್ಲರೂ ಮಾಡಿ. ಹತ್ತಿರದ ನೋಟದ ಕನ್ನಡಕ ಹೋಲ್‌ಸೇಲಿನಲ್ಲಿ ಐವತ್ತು ರೂಪಾಯಿಗೆ ಸಿಗುತ್ತದೆ. ಅಕ್ಷರದ ಚಾರ್ಟು ಬೇಡ. ಸೂಜಿ, ದಾರ ಕೊಡಿ. ಯಾವ ಕನ್ನಡಕದಲ್ಲಿ ದಾರ ಪೋಣಿಸುತ್ತಾರೋ ಅದೇ ಅವರ ನಂಬರು. ಕೌದಿ ಹೊಲಿಯುವುದನ್ನು ಬಿಟ್ಟಿದ್ದ ಹೆಂಗಸರು ಮತ್ತೆ ಶುರು ಮಾಡಿದ್ದಾರೆ. ತಾಂಡಾದ ಒಬ್ಬ ಅಜ್ಜಿ ಕನ್ನಡಿ ಕಸೂತಿಯ ಚೀಲವನ್ನು ನಮ್ಮ ಡಾಕ್ಟರಿಗೆ ಹೊಲಿದು ಕೊಟ್ಟಳು.

ಈಗ ರಿಜಿಸ್ಟರಿನಲ್ಲಿ ಬಿಪಿಯವರು ಸುಮಾರು 85 ಜನ. ಊರಲ್ಲಿದ್ದಾಗ ನೋಡಿದರೆ ಐವತ್ತೈದು ಅರವತ್ತು ಮಂದಿ 140/90ರ ಒಳಗೆ, ಅಂದರೆ ಹತೋಟಿಯಲ್ಲಿ ಇರುತ್ತಾರೆ. ಸಂಬಳ ಕೊಟ್ಟು ನಡೆಸುವ ಕಡೆಯೂ ಇಷ್ಟು ಬರುವುದು ಸುಲಭ ಅಲ್ಲ, ಅಲ್ವಾ?

ಗುಳೆ ಹೋದವರದ್ದೇ ಕೊನೆಯವರೆಗೂ ಉಳಿದ ಚಿಂತೆ. ಹೋಗುವ ಮುಂಚೆ ಎರಡು ತಿಂಗಳ ಗುಳಿಗೆ ಕೊಡುತ್ತೇವೆ. ಕಾರ್ಡಿನ ಹಿಂದೆ ಡಾಕ್ಟರು ಔಷಧಿಯ ಹೆಸರು ಬರೆದು ಸಹಿ ಹಾಕುತ್ತಾರೆ, ಯಾವ ಊರಿನ ಜನೌಷಧಿಯಲ್ಲಾದರೂ ತೋರಿಸಿ ಎಂದು. ತೋರಿಸುತ್ತಾರೆಂಬ ನಂಬಿಕೆ ನನಗೂ ಪೂರ್ತಿ ಇರಲಿಲ್ಲ. ಕಳೆದ ಯುಗಾದಿ ಆದ ಮೇಲಿನ ಶನಿವಾರ, ಬೆಂಗಳೂರಿನಿಂದ ನಾಲ್ಕು ತಿಂಗಳ ಮೇಲೆ ತಿರುಗಿ ಬಂದ ಒಬ್ಬಳು ಸಾಲಿನಲ್ಲಿ ನಿಂತಿದ್ದಳು. ಸೆರಗಿನ ಗಂಟು ಬಿಚ್ಚಿ, "ಅಕ್ಕಾರ, ಎಣಿಸ್ರಿ" ಎಂದು ಖಾಲಿ ಸ್ಟ್ರಿಪ್‌ಗಳನ್ನು ಟೇಬಲ್ ಮೇಲೆ ಸುರಿದಳು. ಹನ್ನೆರಡು ಇರಬೇಕಿತ್ತು. ಹನ್ನೊಂದು ಇದ್ದವು. ಹನ್ನೆರಡನೆಯದು ಅವಳ ಕೈಯಲ್ಲಿತ್ತು, ಅದರಲ್ಲಿ ಇನ್ನೂ ಮೂರು ಗುಳಿಗೆ ಉಳಿದಿದ್ದವು.