ಜಪಾನಿ ಹಾಸ್ಯಗಾರರ ಮಾತುಗಳನ್ನು ದಿನಬಳಕೆಗೆ ತರುವ ಬಗೆ

ಶಿವಮೊಗ್ಗ, ಸಾಗರದ ಕಡೆ ಅನಿಮೆ ಎಂಬ ಜಪಾನಿ ಕಾರ್ಟೂನು ನೋಡುತ್ತ ಜಪಾನಿ ಕಲಿಯುವವರು ಅಲ್ಲಿನ ಹಾಸ್ಯಗಾರರ ಮಾತುಗಳನ್ನು ಬಾಯಿಪಾಠ ಮಾಡಿ ಎಲ್ಲೆಂದರಲ್ಲಿ ಉದುರಿಸುವುದುಂಟು. ಆದರೆ ಅವುಗಳಲ್ಲಿ ಹಲವು ಒಬ್ಬ ಕಲಾವಿದನ ವೇಷ, ಭಂಗಿಗಳಿಗೆ ಅಂಟಿಕೊಂಡಿರುತ್ತವೆ. ಕೆಲವು ಮಾತ್ರ ಯಾರ ಬಾಯಿಗಾದರೂ ಒಗ್ಗುತ್ತವೆ. ಒಗ್ಗುವಂಥವನ್ನೇ ಮೊದಲು ಕಲಿಯಬೇಕು.

‘ನಾಂದೆಯಾನೆನ್’ನಿಂದ ಆರಂಭಿಸಿ. ಇದು ಒಸಾಕಾ ಸುತ್ತಲಿನ ಕನ್ಸಾಯ್ ಸೀಮೆಯ ಆಡುಮಾತು. ಇಬ್ಬರು ನಿಂತು ಮಾತಿನಲ್ಲೇ ನಗಿಸುವ ‘ಮಾನ್‌ಜಾಯ್’ ಎಂಬ ಪ್ರಕಾರದಲ್ಲಿ ‘ಬೊಕೆ’ಯ ಪಾತ್ರದವನು ಅಸಂಬದ್ಧವಾಗಿ ಏನನ್ನೋ ಹೇಳುತ್ತಾನೆ, ‘ತ್ಸುಕ್ಕೊಮಿ’ಯ ಪಾತ್ರದವನು ಅದನ್ನು ಅಲ್ಲಿಯೇ ಹಿಡಿದು ತಿವಿಯುತ್ತಾನೆ, ಯಕ್ಷಗಾನದ ಹಾಸ್ಯಗಾರ ಅಡ್ಡಮಾತಾಡಿದಾಗ ಭಾಗವತರು ಹಾಕುವ ಮರುಪ್ರಶ್ನೆಯನ್ನು ಬಲ್ಲವರಿಗೆ ಈ ಕ್ರಮ ಹೊಸದೆನಿಸದು. ಆಗುಂಬೆಯಲ್ಲಿ ಆಷಾಢದ ಮಳೆ ಸುರಿಯುತ್ತಿರುವಾಗ ಗೆಳೆಯನೊಬ್ಬ ‘ಇವತ್ತು ಬಿಸಿಲು ಜಾಸ್ತಿ ಆಯ್ತು’ ಎಂದರೆ ನಾವು ‘ಎಂತದಾ ಮಾರಾಯ’ ಎನ್ನುತ್ತೇವಲ್ಲ, ‘ನಾಂದೆಯಾನೆನ್’ ಕೂರುವುದು ಅದೇ ಜಾಗದಲ್ಲಿ. ಎದುರಿನವನ ಮಾತು ಮುಗಿದ ಕೂಡಲೇ ಹೇಳಬೇಕು. ತಡವಾದರೆ ಅದು ಬೈಗುಳದಂತೆ ಕೇಳಿಸುತ್ತದೆ. ಮೇಷ್ಟ್ರಿಗೆ ‘ಮಾರಾಯ’ ಎನ್ನಲಾಗದಂತೆ ಇದನ್ನೂ ಮೇಲಧಿಕಾರಿಗೆ ಹೇಳಲಾಗದು. ಕನ್ಸಾಯ್ ಧಾಟಿಯನ್ನು ಹೊರಗಿನವರು ಅನುಕರಿಸಿದರೆ ಅಲ್ಲಿನ ಕೆಲವರಿಗೆ ಕಿರಿಕಿರಿಯಾಗುತ್ತದೆ. ಟೋಕಿಯೊದವರ ನಡುವೆ ‘ನಾಂದೆ ದಾ ಯೊ’ ಎಂದರೆ ಸಾಕು.

ಮುಂದಿನದು ‘ಓಸು ನಾ ಯೊ, ಜೆತ್ತಾಯ್ ಓಸು ನಾ ಯೊ’, ಅಂದರೆ ‘ತಳ್ಳಬೇಡ, ಖಂಡಿತ ತಳ್ಳಬೇಡ’. ದಾಚೋ ಕ್ಲಬ್ ಎಂಬ ಹಾಸ್ಯ ತಂಡದವರು ಬಿಸಿನೀರಿನ ತೊಟ್ಟಿಯ ಅಂಚಿನಲ್ಲಿ ಇದನ್ನು ಹೇಳಿ ಪ್ರಸಿದ್ಧರಾದರು. ಒಳಗಿನ ಅರ್ಥ ‘ತಳ್ಳು’ ಎಂದೇ. ಆಟ ಇಬ್ಬರಿಗೂ ಗೊತ್ತಿದ್ದಾಗ ಮಾತ್ರ ಇದು ನಡೆಯುತ್ತದೆ. ಉದಾಹರಣೆಗೆ, ‘ನನ್ನ ಹುಟ್ಟುಹಬ್ಬಕ್ಕೆ ಏನೂ ತರಬೇಡ, ಖಂಡಿತ ತರಬೇಡ’ ಎನ್ನುವಲ್ಲಿ ಈ ಧಾಟಿ ಸೊಗಸಾಗಿ ಹೊಂದುತ್ತದೆ. ತುಂಗೆಯ ಪಾಚಿಗಟ್ಟಿದ ಕಲ್ಲುಗಳ ಮೇಲೆ ನಿಂತು ಮಾತ್ರ ಈ ಆಟ ಬೇಡ.

ಒಬ್ಬನಿಗೇ ಸೇರಿದ ಮಾತುಗಳನ್ನು ಬಳಸುವ ಮುನ್ನ ಅವುಗಳ ಕಾಲ ನೋಡಿ. ಹಳದಿ ಸೂಟು ತೊಟ್ಟು, ಎರಡು ತೋರುಬೆರಳುಗಳನ್ನು ಚಾಚಿ ಹಾಸ್ಯಗಾರ ದ್ಯಾಂಡಿ ಸಕಾನೊ ಹೇಳುತ್ತಿದ್ದ ‘ಗೆತ್ಸು’ (ಇಂಗ್ಲಿಷಿನ ‘ಗೆಟ್’ನಿಂದ ಬಂದದ್ದು) 2003ರ ಸುಮಾರಿನದು. ಕೊಜಿಮಾ ಯೊಶಿಯೊನ ‘ಸೊನ್ನಾ ನೊ ಕಾಂಕೇ ನೇ’ (‘ಅದಕ್ಕೂ ಇದಕ್ಕೂ ಸಂಬಂಧವಿಲ್ಲ’) 2007ರದು. ಸುಗಿಚಾನ್‌ನ ‘ವೈಲ್ಡ್ ದಾರೊ’ (‘ಒರಟು ಗಂಡಸು ಅಲ್ವಾ?’) 2012ರಲ್ಲಿ ವರ್ಷದ ಜನಪ್ರಿಯ ಮಾತಿನ ಪ್ರಶಸ್ತಿಯನ್ನೇ ಪಡೆಯಿತು. ಇಂದು ಇವುಗಳನ್ನು ಹೊಸದೆಂಬಂತೆ ಹೇಳಿದರೆ ಕೇಳಿದವರು ಮುಖ ಮುಖ ನೋಡಿಕೊಳ್ಳುತ್ತಾರೆ; ಹಳತೆಂದು ಗೊತ್ತಿದ್ದೇ ಬೇಕೆಂದು, ಭಂಗಿ ಸಮೇತ ಆಡಿದರೆ ನಡುವಯಸ್ಸಿನವರು ನಕ್ಕಾರು.

ನನ್ನ ಮಟ್ಟಿಗೆ ಹೆಚ್ಚು ಉಪಯೋಗಕ್ಕೆ ಬರುವವು ಹಾಸ್ಯಗಾರರ ಬಳಗದಿಂದ ಬೀದಿಗಿಳಿದ ವೃತ್ತಿಮಾತುಗಳು. ನಗು ಬಂದರೆ ‘ಉಕೆರು’, ಮಾತು ತೊದಲಿದರೆ ‘ಕಾಂದಾ’, ಹಾಸ್ಯ ನೀರಸವಾದರೆ ‘ಸಮುಯ್’. ನೀವು ಹೇಳಿದ ಹಾಸ್ಯಕ್ಕೆ ಯಾರೂ ನಗದಿದ್ದರೆ ವಿವರಿಸಲು ಹೋಗದೆ, ‘ಜಾರಿಬಿದ್ದೆ’ ಎಂಬರ್ಥದ ‘ಸುಬೆತ್ತಾ’ ಎಂದುಬಿಡಿ. ಮೊದಲ ಮಾತಿಗೆ ಬಾರದ ನಗು ಎಷ್ಟೋ ಸಲ ಇದಕ್ಕೆ ಬರುತ್ತದೆ.