ಲಿವರ್‌ಗೆ ಹಬ್ಬಿದ ಕರುಳಿನ ಕ್ಯಾನ್ಸರ್: ಜೀನ್‌ಗಳ ಪಟ್ಟಿ ಸೋಸಿದ ನನ್ನ ಅನುಭವ

ದೊಡ್ಡ ಕರುಳಿನ ಕ್ಯಾನ್ಸರ್ ಹಬ್ಬಿದರೆ ಹೆಚ್ಚಾಗಿ ಹೋಗಿ ಕೂರುವುದು ಲಿವರ್‌ನಲ್ಲಿ. ಕರುಳಿನ ರಕ್ತ ಪೋರ್ಟಲ್ ರಕ್ತನಾಳದ ಮೂಲಕ ನೇರ ಅಲ್ಲಿಗೇ ಹೋಗುತ್ತದೆ, ಅಲ್ವಾ. ಹಬ್ಬಿದ ಗಡ್ಡೆಯಲ್ಲಿ ಯಾವ ಜೀನ್ ಜಾಸ್ತಿ ಚುರುಕಾಗಿದೆ, ಯಾವುದು ತೆಪ್ಪಗಿದೆ ಎಂದು ಆರ್‌ಎನ್‌ಎ (ಚುರುಕಾದ ಜೀನ್‌ನಿಂದ ತಯಾರಾಗುವ ನಕಲು) ಅಳೆದು ನೋಡುವುದು ನನ್ನ ಕೆಲಸ.

ಒಬ್ಬ ರೋಗಿಯ ಕರುಳಿನ ಗಡ್ಡೆ, ಅದೇ ರೋಗಿಯ ಲಿವರ್ ಗಡ್ಡೆ, ಹೀಗೆ ಜೋಡಿ ಸ್ಯಾಂಪಲ್ ತೆಗೆದುಕೊಂಡೆ. ಇಲ್ಲದಿದ್ದರೆ ಜನರ ನಡುವಿನ ವ್ಯತ್ಯಾಸವೇ ಎದ್ದು ಕಾಣುತ್ತದೆ. ನಡುವೆ ಯಾರಿಗೆ ಕೀಮೋ ಆಗಿದೆ ಎಂಬುದನ್ನೂ ಗುರುತು ಹಾಕಿಕೊಂಡೆ.

ಇಂಥ ಹೋಲಿಕೆಯಲ್ಲಿ, ಲಿವರ್ ಗಡ್ಡೆಯಲ್ಲಿ ಜಾಸ್ತಿ ಚುರುಕಾದ ಜೀನ್‌ಗಳ ಪಟ್ಟಿಯ ಮೇಲ್ತುದಿಗೆ ಬರುವುದು ಅಲ್ಬುಮಿನ್, ಎಪಿಒಎ1. ನೋಡಿ ಖುಷಿಪಡುವಂಥದ್ದೇನಿಲ್ಲ. ಇವು ಲಿವರ್ ಕೋಶಗಳ ದಿನನಿತ್ಯದ ಜೀನ್‌ಗಳು. ಗಡ್ಡೆಯ ಚೂರಿನ ಜೊತೆ ಪಕ್ಕದ ಲಿವರ್ ಸ್ವಲ್ಪ ಬಂದಿರುತ್ತದೆ, ಅಷ್ಟೇ. ಅದಕ್ಕೇ ಆರೋಗ್ಯವಂತ ಲಿವರ್ ಮತ್ತು ಕರುಳಿನ ಸ್ಯಾಂಪಲ್‌ಗಳನ್ನೂ ಸೇರಿಸಿದೆ. ಆದರೆ ಲಿವರ್‌ನಲ್ಲಿ ಇರುವ ಜೀನ್‌ಗಳನ್ನೆಲ್ಲ ಸುಮ್ನೆ ಹೊಡೆದುಹಾಕಲಿಲ್ಲ. ಲಿವರ್‌ನಲ್ಲಿ ನೆಲೆಯೂರಿದ ಕ್ಯಾನ್ಸರ್ ಕೋಶಗಳೇ ಅಲ್ಲಿನ ಕೆಲವು ಜೀನ್‌ಗಳನ್ನು ಬಳಸತೊಡಗುವುದುಂಟು. ಬೇರೆ ಜೀನ್‌ಗಳನ್ನು ಚುರುಕು ಮಾಡುವ ಎಚ್‌ಎನ್‌ಎಫ್1ಎ, ಫಾಕ್ಸ್‌ಎ2 ಎಂಬ ಪ್ರೋಟೀನ್‌ಗಳು ಇದಕ್ಕೆ ದಾರಿ ಮಾಡಿಕೊಡುತ್ತವೆ. ಅನುಮಾನದ ಜೀನ್‌ಗಳನ್ನು ಬೇರೆ ಇಟ್ಟು, ಆರ್‌ಎನ್‌ಎ ಯಾವ ಕೋಶದೊಳಗಿದೆ ಎಂದು ಸ್ಲೈಡ್ ಮೇಲೇ ಬಣ್ಣ ಕಟ್ಟಿಸಿ ನೋಡಿದೆ. ನಿಧಾನದ ಕೆಲಸ. ಆದರೂ ನನಗೆ ಕಂಪ್ಯೂಟರ್ ಲೆಕ್ಕಕ್ಕಿಂತ ಇದರ ಮೇಲೇ ನಂಬಿಕೆ ಜಾಸ್ತಿ.

ಇನ್ನೊಂದು ತೊಡಕು ಫೈಬ್ರೋಬ್ಲಾಸ್ಟ್‌ಗಳದ್ದು, ಅಂದರೆ ಅಂಗಾಂಶಕ್ಕೆ ಆಧಾರವಾದ ನಾರು ತಯಾರಿಸುವ ಕೋಶಗಳದ್ದು. 2015ರಲ್ಲಿ ಈ ಕ್ಯಾನ್ಸರನ್ನು ಜೀನ್ ಚಟುವಟಿಕೆ ನೋಡಿ ನಾಲ್ಕು ಗುಂಪು ಮಾಡಿದರು. ನಾಲ್ಕನೆಯದಾದ ಸಿಎಂಎಸ್4ರ ರೋಗಿಗಳ ಸ್ಥಿತಿ ಹೆಚ್ಚು ಕೆಟ್ಟದ್ದು. ಕೋಶಗಳು ಅಂಟು ಬಿಟ್ಟು ಓಡಾಡುವ ಲಕ್ಷಣದ ಜೀನ್‌ಗಳು ಇದರಲ್ಲಿ ಜಾಸ್ತಿ. ಆದರೆ ಆ ಜೀನ್ ಚಟುವಟಿಕೆಯ ಬಹುಪಾಲು ಗಡ್ಡೆಯ ಸುತ್ತಲಿನ ಫೈಬ್ರೋಬ್ಲಾಸ್ಟ್‌ಗಳದ್ದು ಎಂದು ಅದೇ ವರ್ಷ ಬೇರೆ ತಂಡಗಳು ತೋರಿಸಿದವು. ಇದನ್ನು ಬಿಡಿಸಲು ರೋಗಿಯ ಗಡ್ಡೆಯನ್ನು ಇಲಿಯಲ್ಲಿ ಬೆಳೆಸಿದ ಸ್ಯಾಂಪಲ್ ನನಗೆ ತುಂಬಾ ಉಪಯೋಗಕ್ಕೆ ಬಂತು. ಅಲ್ಲಿ ಸುತ್ತಲಿನ ಕೋಶಗಳು ಇಲಿಯವು, ಕ್ಯಾನ್ಸರ್ ಮನುಷ್ಯನದು. ಆರ್‌ಎನ್‌ಎ ಅಕ್ಷರಗಳ ಜೋಡಣೆ ನೋಡಿದರೆ ಯಾವುದು ಯಾರದು ಎಂದು ಗೊತ್ತಾಗುತ್ತದೆ.

ಇಷ್ಟು ಸೋಸಿದ ಮೇಲೆ ಪಟ್ಟಿ ಚಿಕ್ಕದಾಯಿತು. ಕರುಳಿನ ಗಡ್ಡೆಗೂ ಲಿವರ್ ಗಡ್ಡೆಗೂ ಹೋಲಿಕೆಯೇ ಜಾಸ್ತಿ. 2009ರಲ್ಲಿ ಗುರುತಿಸಿದ ಎಂಎಸಿಸಿ1 ಜೀನ್ ತೆಗೆದುಕೊಳ್ಳಿ. ಅದು ಕೋಶಗಳ ಬೆಳವಣಿಗೆ, ಓಡಾಟಕ್ಕೆ ಒತ್ತು ಕೊಡುವ ಎಂಇಟಿ ಜೀನನ್ನು ಚುರುಕು ಮಾಡುತ್ತದೆ. ಕರುಳಿನ ಮೂಲ ಗಡ್ಡೆಯಲ್ಲೇ ಅದು ಜಾಸ್ತಿ ಇದ್ದರೆ ಮುಂದೆ ಹಬ್ಬುವ ಅಪಾಯವೂ ಜಾಸ್ತಿ. ಇಂಥ ಜೀನ್ ಎರಡೂ ಗಡ್ಡೆಯಲ್ಲಿ ಜೋರಾಗಿದ್ದರೆ ಜೋಡಿ ಹೋಲಿಕೆಯಲ್ಲಿ ಕಾಣುವುದೇ ಇಲ್ಲ. ಅದಕ್ಕೆ ಈಗ ಮುಂದೆ ಹಬ್ಬಿದ ಮತ್ತು ಹಬ್ಬದೇ ಉಳಿದ ಮೂಲ ಗಡ್ಡೆಗಳನ್ನೇ ಒಂದಕ್ಕೊಂದು ಹೋಲಿಸುತ್ತಿದ್ದೇನೆ.